ಕ್ರೇನ್ ಕಟ್ಟಿ ಸರಳ ಯಂತ್ರ ಕಲಿಸುವುದು: ದಾರದ ಎಳೆ ಎಣಿಸುವ ಟಿಪ್ಪಣಿ

ಸರಳ ಯಂತ್ರಗಳು ಆರು: ಸನ್ನೆ, ಗಾಲಿ ಮತ್ತು ಅಚ್ಚು, ರಾಟೆ, ಇಳಿಜಾರು, ಬೆಣೆ, ತಿರುಪು. ಇಳಿಜಾರು, ಬೆಣೆ ಎರಡೂ ಸುಲಭ, ಬಿಡುತ್ತೇನೆ. ತಿರುಪಿಗೆ ಇಷ್ಟು ಸಾಕು: ತ್ರಿಕೋನದ ಕಾಗದವನ್ನು ಪೆನ್ಸಿಲ್‌ಗೆ ಸುತ್ತಿ ತೋರಿಸಿ. ಓರೆ ಅಂಚೇ ತಿರುಪಿನ ಸುರುಳಿಯಾಗಿ ಕಾಣುತ್ತದೆ.

ನಮ್ಮ ಯೋಜನೆ ಹೀಗಿತ್ತು. ನಾಲ್ಕೈದು ಮಕ್ಕಳ ಗುಂಪು ಮರದ ಪಟ್ಟಿಗಳಿಂದ ಒಂದು ಕ್ರೇನ್ ಕಟ್ಟಿ, 600 ಗ್ರಾಂ ಭಾರವನ್ನು 20 ಸೆಂ.ಮೀ. ಎತ್ತಬೇಕು. ಪಾಠ ಮಾಡುವ ಮೊದಲು ಶಿಕ್ಷಕ ತರಬೇತಿಯಲ್ಲಿರುವ ನಾವೇ ಅದನ್ನು ಕಟ್ಟಿ ನೋಡಿದೆವು. ನಾನು ಎಡವಿದ್ದು ರಾಟೆಯಲ್ಲಿ. ಮಕ್ಕಳೂ ಅಲ್ಲೇ ಎಡವುತ್ತಾರೆ ಅನ್ನಿಸಿ ಅದನ್ನೇ ಜಾಸ್ತಿ ಬರೆಯುತ್ತಿದ್ದೇನೆ.

ಎಳೆ ಎಣಿಸುವುದು

ಮೊದಲು ಕ್ರೇನಿನ ತೋಳಿನ ತುದಿಗೆ ಒಂದೇ ಸ್ಥಿರ ರಾಟೆ ಹಾಕಿ, ದಾರವನ್ನು ಸ್ಪ್ರಿಂಗ್ ತ್ರಾಸಿನಿಂದ ಕೆಳಕ್ಕೆ ಎಳೆದೆವು. 600 ಗ್ರಾಂ ಎತ್ತಲು ತ್ರಾಸು 680 ತೋರಿಸಿತು. ಸ್ಥಿರ ರಾಟೆ ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ, ಬಲ ಉಳಿಸುವುದಿಲ್ಲ. ಮೇಲಿನ 80 ಗ್ರಾಂ ಘರ್ಷಣೆಗೆ ಹೋಯಿತು. (ತ್ರಾಸನ್ನು ತಲೆಕೆಳಗಾಗಿ ಹಿಡಿದರೆ ಅದರ ಸೊನ್ನೆ ಜರುಗುತ್ತದೆ. ಎಳೆಯುವಾಗ ಹೇಗೆ ಹಿಡಿಯುತ್ತೀರೋ ಹಾಗೇ ಹಿಡಿದು ಮೊದಲು ಸೊನ್ನೆಗೆ ತನ್ನಿ.)

ಆಮೇಲೆ ಚಲಿಸುವ ರಾಟೆ ಸೇರಿಸಿದೆವು. ದಾರದ ಒಂದು ತುದಿ ತೋಳಿಗೆ ಕಟ್ಟಿದೆ. ಅಲ್ಲಿಂದ ಇಳಿದು, ಭಾರ ನೇತಾಡುವ ರಾಟೆಯ ಕೆಳಗಿಂದ ಸುತ್ತಿ, ಮತ್ತೆ ಮೇಲೇರಿ, ಸ್ಥಿರ ರಾಟೆ ಹಾದು ಕೈಗೆ ಬರುತ್ತದೆ. ಹೀಗೆ ಇಳಿಯುವ, ಏರುವ ದಾರದ ಒಂದೊಂದು ತುಂಡೂ ಒಂದು ಎಳೆ. ಭಾರವನ್ನು ಹೊತ್ತ ಎಳೆಗಳು ಅದನ್ನು ಸಮನಾಗಿ ಹಂಚಿಕೊಳ್ಳುತ್ತವೆ. ನಾನು ಎಳೆ ಎಣಿಸಿದೆ: ಮೂರು. ಹಾಗಾದರೆ 600ಕ್ಕೆ 200 ಗ್ರಾಂ ಸಾಕು ಅಂದುಕೊಂಡೆ. ತ್ರಾಸು 370 ತೋರಿಸಿತು. ಇಷ್ಟು ದೊಡ್ಡ ವ್ಯತ್ಯಾಸವನ್ನು ಘರ್ಷಣೆಯ ಮೇಲೆ ಹಾಕುವಂತಿರಲಿಲ್ಲ.

ತಪ್ಪು ಎಣಿಕೆಯಲ್ಲಿತ್ತು. ಕೈಗೆ ಬರುವ ಮೂರನೇ ಎಳೆ ಭಾರವನ್ನು ಹೊತ್ತಿಲ್ಲ, ಸ್ಥಿರ ರಾಟೆಯಿಂದ ಸುಮ್ನೆ ಕೆಳಗೆ ಬಂದಿದೆ. ಈಗ ನಾನು ಹೀಗೆ ಮಾಡುತ್ತೇನೆ: ಚಿತ್ರ ಬರೆದು, ಚಲಿಸುವ ರಾಟೆ ಮತ್ತು ಭಾರ ಎರಡೂ ಒಳಗೆ ಬರುವಂತೆ ಪೆನ್ಸಿಲ್‌ನಿಂದ ಒಂದು ವೃತ್ತ ಎಳೆಯುತ್ತೇನೆ. ಆ ವೃತ್ತವನ್ನು ದಾಟಿ ಮೇಲೆ ಹೋಗುವ ಎಳೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಇಲ್ಲಿ ಎರಡೇ. ರಾಟೆಯ ತೂಕ 40 ಗ್ರಾಂ ಸೇರಿ 640, ಅದರ ಅರ್ಧ 320. ಉಳಿದ 50 ಘರ್ಷಣೆ. ಈಗ ಲೆಕ್ಕ ಕೂಡಿಬಂತು, ಅಲ್ವಾ?

ಬಲ ಅರ್ಧವಾದರೆ ದಾರ ಎರಡರಷ್ಟು ಉದ್ದ ಎಳೆಯಬೇಕು. ಯಾಕೆ ಅನ್ನುವುದು ಕಣ್ಣಿಂದ ನೋಡಿದ ಮೇಲೇ ನನಗೆ ಒಪ್ಪಿಗೆಯಾಯಿತು. ಕೈ ಹಿಡಿದ ಜಾಗದಲ್ಲಿ ದಾರಕ್ಕೆ ಕೆಂಪು ಶಾಯಿ ಹಚ್ಚಿದೆವು. ಭಾರ 10 ಸೆಂ.ಮೀ. ಏರುವಷ್ಟರಲ್ಲಿ ಕೆಂಪು ಗುರುತು 20 ಸೆಂ.ಮೀ. ಕೆಳಗೆ ಬಂದಿತ್ತು. ಭಾರ 10 ಏರಬೇಕಾದರೆ ಅದನ್ನು ಹೊತ್ತ ಎರಡೂ ಎಳೆ ಹತ್ತತ್ತು ಸೆಂ.ಮೀ. ಗಿಡ್ಡವಾಗಬೇಕು. ಎಡಗಡೆಯ ಎಳೆಯ ತುದಿ ತೋಳಿಗೆ ಗಂಟು ಹಾಕಿದೆ. ಆ ಕಡೆಯ 10 ಸೆಂ.ಮೀ. ದಾರಕ್ಕೆ ಬೇರೆ ದಾರಿಯಿಲ್ಲ, ರಾಟೆಯ ಅಡಿಯಿಂದ ಸುತ್ತಿ ಬಲಗಡೆಗೇ ಬರಬೇಕು. ಹೀಗೆ ಎರಡೂ ಕಡೆಯ ದಾರ ನಮ್ಮ ಕೈಯ ಕಡೆಗೇ ಬರುತ್ತದೆ. ಮಕ್ಕಳಿಗೆ ಸೂತ್ರ ಹೇಳುವ ಮೊದಲು ಈ ಕೆಂಪು ಗುರುತನ್ನೇ ತೋರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದಕ್ಷತೆಯೂ, ಅಂದರೆ ಹಾಕಿದ ಕೆಲಸದಲ್ಲಿ (ಬಲ × ದೂರ) ಎಷ್ಟು ಪಾಲು ವಾಪಸ್ ಸಿಕ್ಕಿತು ಅನ್ನುವುದೂ, ಇದರಲ್ಲೇ ಸಿಗುತ್ತದೆ. ಸಿಕ್ಕ ಕೆಲಸ 600 × 20 = 12,000. ಹಾಕಿದ ಕೆಲಸ 370 × 40 = 14,800. ಅಂದರೆ ಸುಮಾರು 81%. (ಅನುಪಾತ ಸಾಕಾದ್ದರಿಂದ ಗ್ರಾಂನಲ್ಲೇ ಬರೆದಿದ್ದೇನೆ. ನ್ಯೂಟನ್ ಬೇಕಿದ್ದರೆ 1 ಕೆ.ಜಿ.ಗೆ ಸುಮಾರು 9.8.)

ಕ್ರೇನ್ ಮಗುಚಿದ್ದು

ಕ್ರೇನೇ ಒಂದು ಸನ್ನೆ. ತಳದ ಮುಂದಿನ ಅಂಚು ಆಧಾರಬಿಂದು. ಅಲ್ಲಿಂದ 20 ಸೆಂ.ಮೀ. ಮುಂದೆ ಭಾರ, 15 ಸೆಂ.ಮೀ. ಹಿಂದೆ 1 ಕೆ.ಜಿ. ಮರಳಿನ ಚೀಲ. ತೂಕವನ್ನು ಆಧಾರಬಿಂದುವಿನಿಂದ ಅದರ ದೂರಕ್ಕೆ ಗುಣಿಸಿದರೆ ಅದು ಕ್ರೇನನ್ನು ಎಷ್ಟು ತಿರುಗಿಸುತ್ತದೆ ಅನ್ನುವುದು ಸಿಗುತ್ತದೆ. ಭಾರವನ್ನು ನೇರ ತೋಳಿಗೆ ಕಟ್ಟಿದಾಗ ಮುಂದೆ 600 × 20 = 12,000, ಹಿಂದೆ 1000 × 15 = 15,000. ಗಟ್ಟಿಯಾಗಿ ನಿಂತಿತ್ತು. ಸ್ಥಿರ ರಾಟೆಯ ದಾರ ಕೆಳಕ್ಕೆ ಎಳೆದ ತಕ್ಷಣ ಮಗುಚಿತು. ಕೊನೆಗೆ ಒಬ್ಬರು ತಳವನ್ನು ಒತ್ತಿ ಹಿಡಿದ ಮೇಲೇ ಅಳತೆ ಮುಗಿಯಿತು.

ಕಾರಣ ಮತ್ತೆ ಎಳೆ. ಈ ಸಲ ವೃತ್ತವನ್ನು ತೋಳಿನ ತುದಿಗೆ ಎಳೆಯಿರಿ. ಅಲ್ಲಿಂದ ಎರಡು ಎಳೆ ಇಳಿಯುತ್ತವೆ: ಒಂದು 600ರದ್ದು, ಇನ್ನೊಂದು ನಮ್ಮ ಕೈಯ 680. ಒಟ್ಟು 1280 × 20 = 25,600. ಹಿಂದಿನ 15,000 ಎಲ್ಲಿ ಸಾಲುತ್ತದೆ? ಚಲಿಸುವ ರಾಟೆ ಇದ್ದಾಗ ತೋಳಿನಿಂದ ಇಳಿಯುವ ಎಳೆ ಮೂರು. ನಾನು ಮೊದಲು ಎಣಿಸಿದ ಮೂರು ಇದೇ. ಅದು ತೋಳಿನ ಲೆಕ್ಕ, ಭಾರದ ಲೆಕ್ಕ ಎರಡು.

ಹಿಡಿಕೆ

ದಾರ ಸುತ್ತುವ ಹಿಡಿಕೆಯನ್ನು ಕ್ರೇನಿನ ಮೈಗೇ ಜೋಡಿಸಿದಾಗ ಮಗುಚುವುದು ನಿಂತಿತು. ದಾರದ ಎಳೆತ ಈಗ ಕ್ರೇನಿನ ಒಳಗೇ ತೋಳಿಗೂ ಅಚ್ಚಿಗೂ ನಡುವೆ ಇರುತ್ತದೆ. ಹೊರಗಿನಿಂದ ಕ್ರೇನನ್ನು ಮುಂದಕ್ಕೆ ಮಗುಚಲು ನೋಡುವುದು ಭಾರ ಮಾತ್ರ.

ಇದು ಗಾಲಿ-ಅಚ್ಚು. ಅಚ್ಚಿಗೆ ಪೆನ್ಸಿಲ್, ತ್ರಿಜ್ಯ 0.4 ಸೆಂ.ಮೀ. ಹಿಡಿಕೆಯ ತ್ರಿಜ್ಯ 6 ಸೆಂ.ಮೀ. ಬಲ 15 ಪಟ್ಟು, ರಾಟೆಯ 2 ಸೇರಿ 30 ಪಟ್ಟು. ಘರ್ಷಣೆ, ರಾಟೆಯ ತೂಕ ಬಿಟ್ಟರೆ ಬರೀ 20 ಗ್ರಾಂ ಸಾಕು. ಆದರೆ 40 ಸೆಂ.ಮೀ. ದಾರ ಸುತ್ತಲು ಸುಮಾರು 16 ಸುತ್ತು ಬೇಕು. ಒಂದು ಸುತ್ತಿಗೆ ಕೈ 37.7 ಸೆಂ.ಮೀ. ಓಡುತ್ತದೆ, ಒಟ್ಟು ಸುಮಾರು 6 ಮೀಟರ್, ಅಂದರೆ 600 ಸೆಂ.ಮೀ. 20 × 600 = 12,000. ದಕ್ಷತೆಯ ಲೆಕ್ಕದಲ್ಲಿ ಸಿಕ್ಕ ಕೆಲಸ 600 × 20 ಬಂದಿತ್ತಲ್ಲ, ಅದೇ ಸಂಖ್ಯೆ. ಅದನ್ನು ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು.

ದಾರವನ್ನು ಪೆನ್ಸಿಲ್ ಉದ್ದಕ್ಕೂ ಪಕ್ಕಪಕ್ಕದಲ್ಲಿ ಸುತ್ತಲು ಹೇಳಿ. ಒಂದರ ಮೇಲೊಂದು ಕೂತರೆ ಅಚ್ಚು ದಪ್ಪವಾಗುತ್ತಾ ಹೋಗಿ, ಕೊನೆಯ ಸುತ್ತುಗಳಲ್ಲಿ ಹಿಡಿಕೆ ಭಾರವಾಗುತ್ತದೆ.