ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಪೆಟ್ರೋಲ್ ಕಾರಾ, ಡೀಸೆಲ್ ಕಾರಾ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ಮನೆಯಿಂದ ಆಫೀಸಿಗೆ 8 ಕಿ.ಮೀ. ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋಗಿ ಬರುತ್ತೇವೆ. ಅಪ್ಪ ಡೀಸೆಲ್ ಕಾರೇ ತಗೋ ಅಂತಾರೆ. ಏನು ಮಾಡಲಿ?

ಉತ್ತರ: ನಿಮಗೆ ಪೆಟ್ರೋಲ್ ಕಾರೇ ಸರಿ. ಹಾಗಂತ ನಿಮ್ಮ ತಂದೆ ಸುಮ್ನೆ ಹೇಳುತ್ತಿಲ್ಲ. 2012ರಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 30 ರೂಪಾಯಿಯಷ್ಟು ವ್ಯತ್ಯಾಸ ಇತ್ತು. ಡೀಸೆಲ್ ಬೆಲೆ ಏರದಂತೆ ಸರ್ಕಾರ ಹಿಡಿದಿಟ್ಟಿತ್ತು. ಆಗ ಡೀಸೆಲ್ ಕಾರು ಕೊಂಡವರು ಜಾಣರೇ. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಸಡಿಲವಾಯಿತು. ಇತ್ತೀಚೆಗೆ ಬೆಂಗಳೂರಿನ ಬಂಕುಗಳಲ್ಲಿ ವ್ಯತ್ಯಾಸ 12 ರೂಪಾಯಿ ಆಸುಪಾಸು. ಲೆಕ್ಕ ಬದಲಾಗಿದೆ.

ನಿಮ್ಮ ಲೆಕ್ಕವನ್ನೇ ಹಾಕೋಣ. ಆಫೀಸ್ ಓಡಾಟ ತಿಂಗಳಿಗೆ 350 ಕಿ.ಮೀ., ಪುತ್ತೂರಿಗೆ ಹೋಗಿ ಬರಲು ಸುಮಾರು 650. ಒಟ್ಟು ಸಾವಿರ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜ್ 15 ಅಂದುಕೊಂಡರೆ ಕಿ.ಮೀ.ಗೆ 6 ರೂಪಾಯಿ 87 ಪೈಸೆ. ಡೀಸೆಲ್ 91 ರೂಪಾಯಿ, ಮೈಲೇಜ್ 20 ಅಂದರೆ 4 ರೂಪಾಯಿ 55 ಪೈಸೆ. ಕಿ.ಮೀ.ಗೆ ಉಳಿಯುವುದು 2 ರೂಪಾಯಿ 32 ಪೈಸೆ. ಒಂದೇ ಮಾದರಿಯ ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ, ಆ ದುಡ್ಡು ವಾಪಸ್ ಬರಲು ಸುಮಾರು 65 ಸಾವಿರ ಕಿ.ಮೀ. ಓಡಬೇಕು. ನಿಮಗೆ ಐದು ವರ್ಷಕ್ಕೂ ಹೆಚ್ಚು ಬೇಕು! ಬೆಲೆ ಜಾಸ್ತಿಯಾದಂತೆ ರಸ್ತೆ ತೆರಿಗೆ, ವಿಮೆ, ಸಾಲದ ಬಡ್ಡಿ ಎಲ್ಲವೂ ಏರುತ್ತವೆ. ಅವನ್ನು ನಾನು ಸೇರಿಸಿಯೇ ಇಲ್ಲ.

ಆದರೆ ನನಗೆ ದುಡ್ಡಿಗಿಂತ ದೊಡ್ಡ ಚಿಂತೆ ನಿಮ್ಮ ಆ 8 ಕಿ.ಮೀ. 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತಲ್ಲ, ಅಲ್ಲಿಂದೀಚೆಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಜಾಲರಿ ಇರುತ್ತದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಎಂಜಿನ್ ತಾನೇ ಹೆಚ್ಚು ಬಿಸಿ ಮಾಡಿ ಆ ಮಸಿಯನ್ನು ಸುಟ್ಟುಹಾಕಬೇಕು. ಅದಕ್ಕೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಸಿಗ್ನಲ್‌ನಿಂದ ಸಿಗ್ನಲಿಗೆ ತೆವಳುವ ಕಾರಿನಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫೀಸೇ ಬಂದಿರುತ್ತದೆ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹೀಗಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಕಾರಿನ ಪಿಕಪ್ ಕುಗ್ಗುತ್ತದೆ. ನಮ್ಮ ಮನೆಯ ಡೀಸೆಲ್ ಕಾರಿಗೂ ಹೀಗಾಗಿತ್ತು. ಭಾನುವಾರ ಬೆಳಗ್ಗೆ ಆರಕ್ಕೇ ಎದ್ದು, ಆ ದೀಪ ಆರಿಸುವುದಕ್ಕೆಂದೇ ತುಮಕೂರು ರಸ್ತೆಯಲ್ಲಿ ಹೋಗಿ ಬಂದಿದ್ದೇವೆ. ತಿಂಗಳಿಗೊಮ್ಮೆ ಪುತ್ತೂರಿಗೆ ಹೋಗುವಾಗ ನಿಮ್ಮ ಜಾಲರಿಯೂ ಶುಚಿಯಾದೀತು. ನಡುವಿನ ಮೂರು ನಾಲ್ಕು ವಾರವೇ ಕಷ್ಟ.

ಘಾಟಿಯ ವಿಷಯದಲ್ಲಿ ಮಾತ್ರ ನಿಮ್ಮ ತಂದೆಯ ಪರ ನಾನಿದ್ದೇನೆ. ಡೀಸೆಲ್ ಎಂಜಿನ್ ಗಾಳಿಯನ್ನು ತುಂಬಾ ಒತ್ತಿ, ಆ ಶಾಖದಿಂದಲೇ ಇಂಧನ ಹೊತ್ತಿಸುತ್ತದೆ. ಸ್ಪಾರ್ಕ್ ಪ್ಲಗ್ ಬೇಕಿಲ್ಲ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕೂಡ ಜೊತೆಗಿರುವುದರಿಂದ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಗಟ್ಟಿ ಎಳೆತ ಸಿಗುತ್ತದೆ. ಐದು ಜನ, ಡಿಕ್ಕಿ ತುಂಬಾ ತೆಂಗಿನಕಾಯಿ ಹೇರಿಕೊಂಡು ಘಾಟಿಯ ಮೇಲಿನ ಮಾರನಹಳ್ಳಿ ಕಡೆಗೆ ಹತ್ತುವಾಗ ಮತ್ತೆ ಮತ್ತೆ ಗೇರ್ ಇಳಿಸುವ ಕಷ್ಟ ಇರುವುದಿಲ್ಲ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು ಅಲ್ಲಿ ಏದುಸಿರು ಬಿಡುತ್ತದೆ. ಟರ್ಬೊ ಪೆಟ್ರೋಲ್ ಚೆನ್ನಾಗಿಯೇ ಹತ್ತುತ್ತದೆ, ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮೈಲೇಜ್ ಬೀಳುತ್ತದೆ. ತಿಂಗಳಿಗೊಂದು ಸಲ ಅಷ್ಟೇ ಅಲ್ವಾ, ತಡೆದುಕೊಳ್ಳಬಹುದು.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು ಕೇಳಿ ಇಲ್ಲಿಯೂ ಕೆಲವರು ಹೆದರುತ್ತಾರೆ. ಅದು ದೆಹಲಿ ಸುತ್ತಮುತ್ತಲಿನ ಮಾತು, ಅದಕ್ಕಾಗಿ ಡೀಸೆಲ್ ಬೇಡ ಅನ್ನಬೇಕಿಲ್ಲ.

ಬುಕ್ ಮಾಡುವ ಮೊದಲು ತಂದೆಯವರನ್ನು ಒಂದು ಮಾತು ಕೇಳಿ: ನೀವು ಆಫೀಸಿಗೆ ಮೆಟ್ರೊದಲ್ಲಿ ಹೋಗಿ, ಕಾರನ್ನು ಅವರೇ ಪ್ರತಿ ವಾರ ಪುತ್ತೂರಿಗೆ ಒಯ್ಯುತ್ತಾರಾ? ಹೌದಾದರೆ ತಿಂಗಳಿಗೆ ಎರಡೂವರೆ ಸಾವಿರ ಕಿ.ಮೀ. ದಾಟುತ್ತದೆ. ಆಗ ಡೀಸೆಲ್ ಕಾರನ್ನೇ ತಗೊಳ್ಳಿ.