ಓಡದ ಟೆಸ್ಟ್ ಪಾಸಾದದ್ದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸುಗಳ ಬೋರ್ಡ್ ನೋಡಿ. ನಾವು ಬದಿಯಡ್ಕ ಎಂದು ಬರೆಯುವ ಊರನ್ನು ಮಲಯಾಳದಲ್ಲಿ ಬರೆದ ಹಾಗೆಯೇ ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ಇಳಿಸಿದರೆ 'ಬದಿಯಟುಕ್ಕ' ಆಗುತ್ತದೆ. ಕುಂಬಳೆ 'ಕುಮ್ಪಳ' ಆಗುತ್ತದೆ. ಮಂಜೇಶ್ವರ 'ಮಞ್ಚೇಶ್ವರಂ' ಆಗುತ್ತದೆ. ಎರಡೂ ಲಿಪಿ ಬಲ್ಲವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಸ್ವರಗಳ ನಡುವೆ ಬಂದ ಟ-ವನ್ನು ಮಲಯಾಳದವರು ಡ ಎಂದೇ ಹೇಳುತ್ತಾರೆ, ಮ್ ನಂತರದ ಪ-ವನ್ನು ಬ ಎಂದೇ ಹೇಳುತ್ತಾರೆ. ಕಂಪ್ಯೂಟರಿಗೆ ಮಾತ್ರ ಯಾರಾದರೂ ಹೇಳಿಕೊಡಬೇಕು.

ಅದನ್ನು ಹೇಳಿಕೊಡಲು ನಾನೊಂದು ಚಿಕ್ಕ ಪ್ರೋಗ್ರಾಂ ಬರೆದೆ. ಮಲಯಾಳ ಲಿಪಿಯ ಊರ ಹೆಸರು ಕೊಟ್ಟರೆ, ನಾವು ಬರೆಯುವ ರೂಪದಲ್ಲಿ ಕನ್ನಡದ ಹೆಸರು ಬರಬೇಕು. ಕಾಸರಗೋಡಿನಲ್ಲಿ ಪಟ್ಟಿ, ನೋಟಿಸು, ಅರ್ಜಿ ಜಾಸ್ತಿ ಬರುವುದು ಮಲಯಾಳದಲ್ಲಿ. ಅವು ಕನ್ನಡಕ್ಕೆ ಬಂದಾಗ ನಮ್ಮ ಊರು ನಮ್ಮ ಊರಾಗಿಯೇ ಕಾಣಬೇಕು ಅನ್ನುವುದು ಸುಮ್ನೆ ಹಠ ಅಲ್ಲ. ಹೆಸರು ಒಮ್ಮೆ ತಪ್ಪಾಗಿ ಕಾಗದಕ್ಕೆ ಇಳಿದರೆ ಮುಂದಿನ ಎಲ್ಲ ಕಾಗದಗಳಿಗೂ ಅದೇ ಹೋಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಜಿಲ್ಲೆಯ ಹೆಸರಿನಲ್ಲೇ. ಮಲಯಾಳದಲ್ಲಿ 'ಕಾಸರ್‌ಗೋಡ್' ಎಂದು ಬರೆಯುವಾಗ ನಡುವಿನ ರ್ ಒಂದು ಚಿಲ್ಲಕ್ಷರ, ಅಂದರೆ ಸ್ವರವಿಲ್ಲದ ರ್ ಎಂಬುದಕ್ಕೆ ಇರುವ ಬೇರೆಯದೇ ಆಕಾರ. 2008ಕ್ಕಿಂತ ಮೊದಲು ಇದನ್ನು ಮೂರು ಸಂಕೇತ ಸೇರಿಸಿ ಬರೆಯುತ್ತಿದ್ದರು: ರ, ಚಂದ್ರಕಲೆ (ಸ್ವರವಿಲ್ಲ ಎಂದು ತೋರಿಸುವ ಚಿಹ್ನೆ), ಕಣ್ಣಿಗೆ ಕಾಣದ ಒಂದು ಜೋಡಕ. ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯುನಿಕೋಡ್ ಪಟ್ಟಿಯ 5.1ನೇ ಆವೃತ್ತಿ 2008ರಲ್ಲಿ ಬಂದು ಚಿಲ್ಲಿಗೆ ಸ್ವಂತ ಸಂಕೇತ ಕೊಟ್ಟಿತು. ಪರದೆಯ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರನ್ನು ಕೇಳಿದರೆ ಎರಡೂ ಬೇರೆ ಬೇರೆ ಪದ! ನನ್ನ ಪ್ರೋಗ್ರಾಂ ಒಂದನ್ನು ಸರಿಯಾಗಿ ತಿರುಗಿಸಿತು, ಇನ್ನೊಂದನ್ನು ಕೆಡಿಸಿತು.

ಇಂಥ ಕೆಲಸದಲ್ಲಿ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಹಾಳಾಗುತ್ತದೆ. ಅದಕ್ಕೇ ಟೆಸ್ಟ್ ಬೇಕು, ಅಂದರೆ ಪ್ರೋಗ್ರಾಂ ಕೊಟ್ಟ ಉತ್ತರ ಸರಿಯೇ ಎಂದು ಕಂಪ್ಯೂಟರೇ ನೋಡುವ ಪರೀಕ್ಷೆ. ನಾನು ಟೆಸ್ಟುಗಳನ್ನು ಕೋಡಿನಲ್ಲಿ ಬರೆಯದೆ ಸಾದಾ ಫೈಲಿನಲ್ಲಿ ಬರೆಯುವ ವ್ಯವಸ್ಥೆ ಮಾಡಿದೆ. ಸಾಲಿನ ಎಡಕ್ಕೆ ಮಲಯಾಳ, ಬಲಕ್ಕೆ ಕನ್ನಡ. ಒಂದು ಸಾಲು ಅಂದರೆ ಒಂದು ಟೆಸ್ಟ್. ಪರಿಚಯದ ಮಾಷ್ಟ್ರೊಬ್ಬರು ಫೋನಿನಲ್ಲೇ ಸಾಲು ಸೇರಿಸಿ ಕಳಿಸುತ್ತಿದ್ದರು. ಅವರಿಗೆ ನಾನು ಪ್ರೋಗ್ರಾಂ ಬರೆದ ಜಾವಾ ಭಾಷೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಊರುಗಳು ಗೊತ್ತು, ಅಷ್ಟು ಸಾಕು.

ಈಗ ಈ ಟೆಸ್ಟುಗಳನ್ನು ಓಡಿಸುವವರು ಯಾರು? ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದಲ್ಲಿ ಭಾಗವತರು ಕುಣಿಯುವುದಿಲ್ಲ. ಆದರೆ ಯಾವ ವೇಷ ಯಾವಾಗ ರಂಗಕ್ಕೆ ಬರಬೇಕು, ಯಾವಾಗ ಹೋಗಬೇಕು ಎಂಬುದೆಲ್ಲ ಅವರ ಪದದ ಮೇಲೆ ನಿಂತಿದೆ. ಸಾಫ್ಟ್‌ವೇರಿನಲ್ಲಿ ಆ ಜಾಗ ಬಿಲ್ಡ್ ಟೂಲಿನದು. ಮೊದಲು ಕಂಪೈಲ್ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವುದು), ಆಮೇಲೆ ಟೆಸ್ಟ್, ಟೆಸ್ಟ್ ಬಿದ್ದರೆ ಅಲ್ಲಿಗೇ ನಿಲ್ಲು, ಎಲ್ಲ ಸರಿ ಇದ್ದರೆ ಕಟ್ಟು. ಜಾವಾ ಲೋಕದಲ್ಲಿ ಮೇವನ್, ಗ್ರೇಡಲ್ ಎಂಬ ಎರಡು ಹೆಸರಾದ ಭಾಗವತರಿದ್ದಾರೆ. ನಾನು ಗ್ರೇಡಲ್ ಬಳಸುತ್ತಿದ್ದೆ. ಆಗ ಅದರ ಸ್ವಂತ ಟೆಸ್ಟ್ ಟಾಸ್ಕ್ (ಟಾಸ್ಕ್ ಅಂದರೆ ಅದಕ್ಕೆ ವಹಿಸಿದ ಒಂದು ಕೆಲಸ) ಟೆಸ್ಟುಗಳನ್ನು ಹುಡುಕುತ್ತಿದ್ದದ್ದು ಕಂಪೈಲ್ ಆದ ಕ್ಲಾಸುಗಳಲ್ಲಿ, ಅಂದರೆ ಜಾವಾ ಕೋಡಿನ ತುಂಡುಗಳಲ್ಲಿ. ನನ್ನ ಟೆಸ್ಟುಗಳು ಇದ್ದದ್ದು ಮಾಷ್ಟ್ರ ಸಾಲುಗಳಲ್ಲಿ. ಹಾಗಾಗಿ ಗ್ರೇಡಲ್‌ಗೆ ಹೊಸ ಕೆಲಸ ಕಲಿಸುವ ಸೇರ್ಪಡೆ, ಅಂದರೆ ಪ್ಲಗಿನ್ ಬರೆಯಬೇಕಾಯಿತು.

ಪ್ಲಗಿನ್ ಅಂದರೆ ಹೆದರುವಂಥದ್ದಲ್ಲ. ಒಂದು ಕ್ಲಾಸ್, ಅದರಲ್ಲಿ ಅಪ್ಲೈ ಎಂಬ ಒಂದು ಮೆಥಡ್. ಅದರೊಳಗೆ ಹೊಸ ಟಾಸ್ಕ್ ಒಂದನ್ನು ಗ್ರೇಡಲ್‌ಗೆ ಪರಿಚಯಿಸಿ, 'ಚೆಕ್' ಎಂಬ ಟಾಸ್ಕಿಗೆ ಮೊದಲು ಇದು ಮುಗಿಯಬೇಕು ಎಂದು ಕಟ್ಟಿಹಾಕುವುದು. ಟಾಸ್ಕ್ ತಾನು ಪ್ರತ್ಯೇಕವಾಗಿ ಒಂದು ಜಾವಾ ಪ್ರಕ್ರಿಯೆ ಶುರು ಮಾಡಿ ಟೆಸ್ಟ್ ಓಡಿಸುತ್ತದೆ. ಆ ಪ್ರಕ್ರಿಯೆ ಮುಗಿಯುವಾಗ 0 ಹಿಂತಿರುಗಿಸಿದರೆ ಎಲ್ಲ ಸರಿ, ಬೇರೆ ಯಾವ ಸಂಖ್ಯೆ ಬಂದರೂ ತಪ್ಪು. ಎರಡು ರಾತ್ರಿಯಲ್ಲಿ ಮುಗಿಯಿತು.

ಒಂದು ತಿಂಗಳು ಎಲ್ಲವೂ ಹಸಿರು, ಅಂದರೆ ಪಾಸ್. ಮಾಷ್ಟ್ರು 40 ಹೊಸ ಸಾಲು ಕಳಿಸಿದರು, ಅದೂ ಹಸಿರು. ನನಗೆ ಸಂತೋಷವಾಯಿತು. ಆಮೇಲೆ ಒಂದು ದಿನ ಅವರು ಫೋನ್ ಮಾಡಿ, "ಒಂದು ಸಾಲಿನಲ್ಲಿ ಬೇಕೆಂದೇ ತಪ್ಪು ಬರೆದಿದ್ದೆ, ಸಿಕ್ಕಿತಾ?" ಎಂದು ಕೇಳಿದರು. ಸಿಕ್ಕಿರಲಿಲ್ಲ. ಪರದೆಯ ಮೇಲೆ ನನ್ನ ಟಾಸ್ಕಿನ ಹೆಸರಿನ ಪಕ್ಕ 'ಅಪ್-ಟು-ಡೇಟ್' ಎಂಬ ಪದ ಇತ್ತು. ಅಂದರೆ ಗ್ರೇಡಲ್ ಆ ಟೆಸ್ಟುಗಳನ್ನು ಓಡಿಸಿಯೇ ಇರಲಿಲ್ಲ.

ಯಾಕೆ ಹೀಗಾಯಿತು? ಅಡಿಕೆ ಅಂಗಳ ನೆನಪಿಸಿಕೊಳ್ಳಿ. ಮೊದಲ ಕೊಯ್ಲಿನದು ಒಣಗಿ ಒಳಗೆ ಹೋಗಿದೆ, ಎರಡನೆಯದು ಇನ್ನೂ ಹಸಿ. ಒಣಗಿದ್ದನ್ನು ಯಾರೂ ಮತ್ತೆ ತಂದು ಹರವುವುದಿಲ್ಲ, ಅಲ್ವಾ? ಬಿಲ್ಡ್ ಟೂಲುಗಳ ಲೆಕ್ಕವೂ ಅದೇ. ಬದಲಾಗದ ಕೆಲಸವನ್ನು ಮತ್ತೆ ಮಾಡಬಾರದು. ಈ ವಿಚಾರ ಹುಟ್ಟಿದ್ದೇ ಒಂದು ಹಾಳಾದ ಬೆಳಗ್ಗೆಯಿಂದ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಒಂದು ತಪ್ಪನ್ನು ತಿದ್ದಿದ್ದರು, ಆದರೆ ತಿದ್ದಿದ ಫೈಲು ಕಂಪೈಲ್ ಆಗಿರಲಿಲ್ಲ. ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಅವರು ಬೆಳಗ್ಗೆಯಿಡೀ ತಪ್ಪು ಹುಡುಕಿದರು. ಅದನ್ನು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಎಂಬ ಟೂಲ್ ಬರೆದರು. ಫೈಲಿನ ಸಮಯ ನೋಡಿ, ಹೊಸದಾದದ್ದನ್ನು ಮಾತ್ರ ಮತ್ತೆ ಕಟ್ಟುವುದು ಅದರ ಕೆಲಸ. ಗ್ರೇಡಲ್ ಸಮಯವನ್ನು ನಂಬಿ ಕೂರುವುದಿಲ್ಲ, ಫೈಲಿನ ಒಳಗಿನ ವಿಷಯಕ್ಕೇ ಬೆರಳಚ್ಚಿನಂಥ ಗುರುತು ತೆಗೆದು ಹೋಲಿಸುತ್ತದೆ.

ಆದರೆ ಯಾವ ಫೈಲುಗಳನ್ನು ನೋಡಬೇಕು ಎಂದು ಪ್ಲಗಿನ್ ಬರೆದವರೇ ಹೇಳಬೇಕು. ನಾನು ಕಂಪೈಲ್ ಆದ ಕ್ಲಾಸುಗಳನ್ನು ಇನ್‌ಪುಟ್ ಎಂದು ಹೇಳಿದ್ದೆ, ವರದಿಯ ಫೈಲನ್ನು ಔಟ್‌ಪುಟ್ ಎಂದು ಹೇಳಿದ್ದೆ. ಮಾಷ್ಟ್ರ ಫೋಲ್ಡರ್ ಹೇಳಲು ಮರೆತಿದ್ದೆ. ಅಂಗಳದ ಒಂದು ಮೂಲೆಯನ್ನು ಗ್ರೇಡಲ್‌ಗೆ ತೋರಿಸಿಯೇ ಇರಲಿಲ್ಲ. ಅಲ್ಲಿ ಹಸಿ ಅಡಿಕೆ ಬಂದು ಬಿದ್ದರೂ ಅದಕ್ಕೆ ಗೊತ್ತಾಗುವುದು ಹೇಗೆ? ಮೇಕ್ ಹುಟ್ಟಿದ 40 ವರ್ಷಗಳ ನಂತರವೂ ನಾನು ಅದೇ ಬೆಳಗ್ಗೆಯನ್ನು ಇನ್ನೊಮ್ಮೆ ಬದುಕಿದ್ದೆ. ಫೋಲ್ಡರಿನ ಮೇಲೆ 'ಇನ್‌ಪುಟ್ ಡೈರೆಕ್ಟರಿ' ಎಂಬ ಗುರುತು ಹಾಕಿದೆ. ಒಂದೇ ಸಾಲು. ಮಾಷ್ಟ್ರ ತಪ್ಪು ಕೂಡಲೇ ಸಿಕ್ಕಿತು.

ಅಂದಿನಿಂದ ಹಸಿರು ಬಣ್ಣ ಕಂಡರೆ ಎಷ್ಟು ಓಡಿತು ಎಂದು ಮೊದಲು ನೋಡುತ್ತೇನೆ. ಈ ಪಾಠ ಕಲಿತದ್ದು ನಾನೊಬ್ಬನೇ ಅಲ್ಲ. 2017ರಲ್ಲಿ ಜಾವಾದಲ್ಲಿ ಟೆಸ್ಟ್ ಬರೆಯಲು ಬಳಸುವ ಜೆಯುನಿಟ್ 5 ಬಂದಾಗ ಮೇವನ್‌ನಲ್ಲಿ ಟೆಸ್ಟ್ ಓಡಿಸುವ ಶ್ಯೂರ್‌ಫೈರ್ ಪ್ಲಗಿನ್‌ಗೆ ಹೊಸ ಬಗೆಯ ಟೆಸ್ಟುಗಳು ತಾನಾಗಿ ಕಾಣುತ್ತಿರಲಿಲ್ಲ. ಓಡಿದ ಟೆಸ್ಟ್ ಸೊನ್ನೆಯಾದರೂ ಬಿಲ್ಡ್ ಯಶಸ್ವಿ ಎಂದು ಬರುತ್ತಿತ್ತು. 2018ರಲ್ಲಿ ಶ್ಯೂರ್‌ಫೈರ್ 2.22.0 ಅದನ್ನು ಸರಿಮಾಡಿತು, ಗ್ರೇಡಲ್ 4.6 ಕೂಡ ಅದೇ ವರ್ಷ ಜೆಯುನಿಟ್ 5ಕ್ಕೆ ಜಾಗ ಕೊಟ್ಟಿತು. 2025ರ ಗ್ರೇಡಲ್ 9ರಲ್ಲಂತೂ ಟೆಸ್ಟ್ ಕೋಡ್ ಇದ್ದು ಒಂದೂ ಟೆಸ್ಟ್ ಸಿಗದಿದ್ದರೆ ಬಿಲ್ಡ್ ಬೀಳುತ್ತದೆ. ಇದು ತುಂಬಾ ತಡವಾಗಿ ಬಂದ ಒಳ್ಳೆಯ ನಿರ್ಧಾರ ಎನ್ನುವುದು ನನ್ನ ಅಭಿಪ್ರಾಯ. ನನ್ನ ಪ್ಲಗಿನ್ ಕೂಡ ಈಗ ಓಡಿದ ಟೆಸ್ಟ್ ಸೊನ್ನೆಯಾದರೆ ಅದನ್ನು ತಪ್ಪೆಂದೇ ಎಣಿಸುತ್ತದೆ.

ಇನ್ನೊಂದು ಸಣ್ಣ ಸಂಗತಿ. ಮಾಷ್ಟ್ರ ಹಳೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರದಿ ತೆರೆದರೆ ಊರುಗಳ ಜಾಗದಲ್ಲೆಲ್ಲ ಪ್ರಶ್ನೆ ಚಿಹ್ನೆಗಳ ಸಾಲು. ಜಾವಾ 18ಕ್ಕಿಂತ ಹಿಂದಿನ ಜಾವಾದಲ್ಲಿ ನಾವು ಬೇರೆ ಹೇಳದಿದ್ದರೆ ಫೈಲು ಬರೆಯುವುದು ಆಪರೇಟಿಂಗ್ ಸಿಸ್ಟಮಿನ ಅಕ್ಷರ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಎಂದು ಪ್ಲಗಿನ್‌ನಲ್ಲೇ ಸ್ಪಷ್ಟವಾಗಿ ಬರೆದ ಮೇಲೆ ಸರಿಯಾಯಿತು.

ಮೊನ್ನೆ ರಾತ್ರಿ ಓಡಿಸಿದಾಗ ಬಂದ ಸಾಲು ಇದು: 118 ಓಡಿವೆ, 117 ಸರಿ, 1 ತಪ್ಪು. ತಪ್ಪಾದದ್ದು ಕುಂಬಳೆ. ಪ್ರೋಗ್ರಾಂ ಮ್ಪ-ವನ್ನು ಸರಿಯಾಗಿಯೇ ಂಬ ಮಾಡಿ 'ಕುಂಬಳ' ಎಂದು ಕೊಟ್ಟಿತ್ತು. ಕೊನೆಯ ಎ-ಕಾರ ಮಲಯಾಳದ ಬರಹದಲ್ಲಿ ಎಲ್ಲೂ ಇಲ್ಲ. ಕೊನೆಗೆ ಎ ಸೇರಿಸು ಎಂದು ನಿಯಮ ಮಾಡಿದರೆ ಪಕ್ಕದ ಉಪ್ಪಳ 'ಉಪ್ಪಳೆ' ಆಗಿಬಿಡುತ್ತದೆ. ಇದು ಊರಿನವರನ್ನೇ ಕೇಳಿ ಬರೆದಿಡಬೇಕಾದ ಹೆಸರು. ಅಂಥ ಹೆಸರುಗಳಿಗೆ ಬೇರೆಯೇ ಒಂದು ಪಟ್ಟಿ ಶುರು ಮಾಡಿ ಮೊದಲ ಸಾಲಿನಲ್ಲಿ ಕುಂಬಳೆ ಎಂದು ಬರೆದೆ. ಆ ಪಟ್ಟಿಯ ಫೈಲನ್ನೂ ಪ್ಲಗಿನ್‌ನ ಇನ್‌ಪುಟ್‌ಗೆ ಸೇರಿಸಿದ ಮೇಲೆಯೇ ಮಲಗಿದೆ.