ಕೈ ಎತ್ತದವರಿಗೂ ಮಾತು ಅರ್ಥವಾಗುತ್ತಿರಬಹುದು

ಮಿದುಳಿಗೆ ಜೋರು ಪೆಟ್ಟು ಬಿದ್ದ ಕೆಲವರು ಕೋಮಾದಿಂದ ಹೊರಬಂದು ಕಣ್ಣು ಬಿಡುತ್ತಾರೆ. ನಿದ್ದೆ ಮಾಡುತ್ತಾರೆ, ಎಚ್ಚರಗೊಳ್ಳುತ್ತಾರೆ. ಆದರೆ ‘ಕೈ ಎತ್ತಿ’ ಅಂದರೆ ಎತ್ತುವುದಿಲ್ಲ. ಎಚ್ಚರ ಇದೆ, ಅರಿವು ಕಾಣುವುದಿಲ್ಲ. 1972ರಲ್ಲಿ ಬ್ರಯನ್ ಜೆನೆಟ್ ಮತ್ತು ಫ್ರೆಡ್ ಪ್ಲಮ್ ಎಂಬ ವೈದ್ಯರು ಇದಕ್ಕೆ ‘ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್’ ಎಂದು ಹೆಸರಿಟ್ಟರು. ಇದನ್ನು ಗುರುತಿಸುವ ಮುಖ್ಯ ದಾರಿ ಆಗಲೂ ಈಗಲೂ ಒಂದೇ. ಹಾಸಿಗೆ ಪಕ್ಕ ನಿಂತು ಏನಾದರೂ ಮಾಡಲು ಹೇಳುವುದು, ರೋಗಿ ಮಾಡುತ್ತಾರಾ ಅಂತ ನೋಡುವುದು.

ತೊಡಕು ಇರುವುದೂ ಅಲ್ಲೇ. ಮಾತು ಅರ್ಥವಾಗುವುದು ಬೇರೆ, ಕೈ ಆಡುವುದು ಬೇರೆ, ಅಲ್ವಾ? ಮಿದುಳಿನ ಯೋಚಿಸುವ ಭಾಗ ಉಳಿದು, ಕೈಕಾಲಿಗೆ ಸೂಚನೆ ಕಳಿಸುವ ದಾರಿ ಮಾತ್ರ ಕೆಟ್ಟಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

2006ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಓವೆನ್ ತಂಡ ಇದನ್ನೇ ಪರೀಕ್ಷಿಸಿತು. ಅಪಘಾತವಾಗಿ ಐದು ತಿಂಗಳಾಗಿದ್ದ 23 ವರ್ಷದ ಯುವತಿಯನ್ನು ಮಿದುಳಿನ ಯಾವ ಜಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಟೆನಿಸ್ ಆಡುತ್ತಿದ್ದೀರಿ ಅಂತ ಕಲ್ಪಿಸಿಕೊಳ್ಳಿ ಎಂದರು. ಆರೋಗ್ಯವಂತರಲ್ಲಿ ಚುರುಕಾಗುವ ಜಾಗವೇ ಅವಳ ಮಿದುಳಲ್ಲೂ ಚುರುಕಾಯಿತು. ಮನೆಯ ಕೋಣೆಗಳಲ್ಲಿ ಓಡಾಡಿದಂತೆ ಕಲ್ಪಿಸಿಕೊಳ್ಳಿ ಎಂದಾಗ ಬೇರೆ ಜಾಗ. ‘ಟೆನಿಸ್’ ಅನ್ನುವ ಪದ ಕಿವಿಗೆ ಬಿದ್ದಿದ್ದಕ್ಕೇ ಹೀಗಾಗಿರಬಹುದು ಎಂದು ಕೆಲವರು ಅನುಮಾನಪಟ್ಟರು. ಆದರೆ ‘ಈಗ ವಿಶ್ರಾಂತಿ’ ಎನ್ನುವ ತನಕ, ಪೂರಾ 30 ಸೆಕೆಂಡ್, ಆ ಚಟುವಟಿಕೆ ನಿಂತಿರಲಿಲ್ಲ. ಸುಮ್ನೆ ಪದ ಕೇಳಿದರೆ ಅಷ್ಟು ಹೊತ್ತು ಉಳಿಯುವುದಿಲ್ಲ.

2010ರಲ್ಲಿ ಕೇಂಬ್ರಿಜ್ ಮತ್ತು ಬೆಲ್ಜಿಯಂನ ಲಿಯೇಜ್ ತಂಡಗಳು 54 ರೋಗಿಗಳನ್ನು ನೋಡಿದವು. ಐವರಲ್ಲಿ ಇಂಥ ಸ್ಪಂದನೆ ಸಿಕ್ಕಿತು. ಅವರಲ್ಲೊಬ್ಬರಿಗೆ ಹೌದು ಎನ್ನಲು ಒಂದು ಕಲ್ಪನೆ, ಇಲ್ಲ ಎನ್ನಲು ಇನ್ನೊಂದು ಕಲ್ಪನೆ ಅಂತ ಗೊತ್ತುಮಾಡಿ, ತಂದೆಯ ಹೆಸರು ಇಂಥದ್ದಾ ಎಂಬಂಥ ಆರು ಪ್ರಶ್ನೆ ಕೇಳಿದರು. ಐದಕ್ಕೆ ಸರಿ ಉತ್ತರ ಬಂತು. ವರ್ಷಗಟ್ಟಲೆ ಯಾರ ಜೊತೆಗೂ ಮಾತಿಲ್ಲದೆ ಮಲಗಿದ್ದ ಮನುಷ್ಯ ಅವರು. ಈ ಚರಿತ್ರೆಯಲ್ಲಿ ನನ್ನನ್ನು ಇಷ್ಟು ಕಲಕುವ ಘಟ್ಟ ಇನ್ನೊಂದಿಲ್ಲ.

ಆಮೇಲೆ ಕೆಲಸ ಹಾಸಿಗೆ ಪಕ್ಕಕ್ಕೇ ಬಂತು. 2019ರ ಒಂದು ಅಧ್ಯಯನದಲ್ಲಿ ಐಸಿಯುನಲ್ಲಿದ್ದ ರೋಗಿಗಳ ತಲೆಗೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ) ತಂತಿ ಹಚ್ಚಿ, ‘ಬಲಗೈ ತೆರೆದು ಮುಚ್ಚುತ್ತಿರಿ’, ‘ನಿಲ್ಲಿಸಿ’ ಎಂದು ಮತ್ತೆ ಮತ್ತೆ ಕೇಳಿಸಿದರು. ಸ್ಪಂದಿಸದ 104 ಜನರಲ್ಲಿ 16 ಮಂದಿಯ ಮಿದುಳು ಆ ಮಾತಿನಂತೆ ನಡೆದುಕೊಂಡಿತ್ತು. ಒಂದು ವರ್ಷದ ನಂತರ ದಿನಕ್ಕೆ ಎಂಟು ಗಂಟೆವರೆಗೆ ತಮ್ಮ ಪಾಡಿಗೆ ಇರಬಲ್ಲವರ ಪ್ರಮಾಣ ಈ ಗುಂಪಿನಲ್ಲಿ 44%, ಉಳಿದವರಲ್ಲಿ 14%. ಚಿಕಿತ್ಸೆ ಮುಂದುವರಿಸಬೇಕಾ ಬೇಡವಾ ಎಂದು ಮನೆಯವರು ತಲೆಕೆಡಿಸಿಕೊಳ್ಳುವ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ.

2024ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಹೊರಗೆ ಸ್ಪಂದಿಸದ 241 ಮಂದಿಯಲ್ಲಿ 60 ಜನರಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಒಳಗೆ ಸೂಚನೆ ಅರ್ಥವಾಗುತ್ತಿತ್ತು. ಅದರಲ್ಲೇ ಇನ್ನೊಂದು ಅಂಕಿ ಇದೆ, ಅದಕ್ಕೆ ಜಾಸ್ತಿ ಗಮನ ಕೊಡಬೇಕು. ಹೇಳಿದ್ದನ್ನು ಕಣ್ಣೆದುರೇ ಮಾಡಿ ತೋರಿಸುತ್ತಿದ್ದ 112 ಜನರಲ್ಲೂ ಈ ಪರೀಕ್ಷೆ ಅರಿವನ್ನು ಹಿಡಿದದ್ದು 43 ಮಂದಿಯಲ್ಲಿ ಮಾತ್ರ. ಹಾಗಾಗಿ ಯಂತ್ರ ‘ಇಲ್ಲ’ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಇಂಥ ಪರೀಕ್ಷೆ ಮಾಡಬಲ್ಲ ಆಸ್ಪತ್ರೆಗಳು ಇನ್ನೂ ತೀರಾ ಕಡಿಮೆ. ಅವು ಹೆಚ್ಚುವವರೆಗೆ ಹಾಸಿಗೆ ಪಕ್ಕದ ತಪಾಸಣೆಯನ್ನೇ ಚೆನ್ನಾಗಿ ಮಾಡಬೇಕು. ಒಂದು ಸಲ ನೋಡಿ ತೀರ್ಮಾನಿಸದೆ ಹಲವು ಸಲ ನೋಡಬೇಕು ಎಂದು 2018ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಮೊದಲ 28 ದಿನಗಳಲ್ಲಿ ‘ಇವರು ಚೇತರಿಸಿಕೊಳ್ಳುವುದೇ ಇಲ್ಲ’ ಎಂಬಂಥ ಮಾತು ಆಡಬಾರದು ಎಂದೂ ಹೇಳುತ್ತದೆ. ಕಣ್ಣು ಹಿಂಬಾಲಿಸುತ್ತದಾ ಎಂದು ನೋಡಲು ಪೆನ್ನಿಗಿಂತ ಕನ್ನಡಿ ಒಳ್ಳೆಯದು. ಬೇರೆ ವಸ್ತುವಿನ ಹಿಂದೆ ಹೋಗದ ಕಣ್ಣು ತನ್ನದೇ ಮುಖದ ಹಿಂದೆ ಹೋಗುವುದುಂಟು.